ಕಂಪ್ಯೂಟರ್‌ನವನ ಬಗ್ಗೆ ಯಾರಲ್ಲಿ ವಿಚಾರಿಸಿದಿರಿ?

ನಮ್ಮಲ್ಲಿ ಒಂದು ಸಂಬಂಧ ಬಂತೆಂದರೆ ವಿಚಾರಿಸುವ ಕ್ರಮವೇ ಬೇರೆ. ಹುಡುಗನ ಜಮಾಅತ್‌ನಲ್ಲಿ ಒಬ್ಬರನ್ನು ಕೇಳುತ್ತೇವೆ. ಅವನು ದುಡಿಯುವ ಕಡೆ ಒಬ್ಬರನ್ನು ಕೇಳುತ್ತೇವೆ. ಸೌದಿಯಲ್ಲೋ ದುಬೈಯಲ್ಲೋ ಇದ್ದರೆ ಅವನ ಜೊತೆ ಒಂದೇ ರೂಮಿನಲ್ಲಿದ್ದವರು ಯಾರಾದರೂ ನಮ್ಮ ಪರಿಚಯಕ್ಕೆ ಸಿಗ್ತಾರಾ ಅಂತ ಹುಡುಕುತ್ತೇವೆ. ಮನೆಯ ಹೆಂಗಸರು ತಮ್ಮದೇ ದಾರಿಯಲ್ಲಿ ಇನ್ನೊಂದು ಸುತ್ತು ವಿಚಾರಿಸಿರುತ್ತಾರೆ. ಇದನ್ನು ಯಾರೂ ಅವಮಾನ ಅಂತ ತಿಳಿಯುವುದಿಲ್ಲ. ಆ ಕಡೆಯವರೂ ನಮ್ಮ ಬಗ್ಗೆ ಅಷ್ಟೇ ವಿಚಾರಿಸಿರುತ್ತಾರೆ.

ಅದೇ ಅಂಗಡಿಗೆ, ಆಫೀಸಿಗೆ, ಮದ್ರಸಕ್ಕೆ ಕಂಪ್ಯೂಟರ್ ನೋಡಿಕೊಳ್ಳುವ ಕಂಪೆನಿಯನ್ನು ಗೊತ್ತು ಮಾಡುವಾಗ ನಾವು ಏನು ಮಾಡುತ್ತೇವೆ? "ಒಳ್ಳೆ ಹುಡುಗ, ನಮ್ಮವನೇ" ಎಂದು ಯಾರೋ ಒಬ್ಬರು ಹೇಳಿದರೆ ಸಾಕು. ನಂಬರ್ ತೆಗೆದುಕೊಂಡು ಫೋನ್ ಮಾಡುತ್ತೇವೆ. ಮಾರನೆ ದಿನ ಅವನು ಬಂದು ನಮ್ಮ ಕುರ್ಚಿಯಲ್ಲಿ ಕೂತು ಪಾಸ್‌ವರ್ಡ್ ಕೇಳುತ್ತಾನೆ. ನಾವು ಕೊಡುತ್ತೇವೆ.

ನಾವೂ ಹಾಗೇ ಕೊಟ್ಟವರು. ಅದರಿಂದ ಏನಾಯಿತು ಎಂದು ಈ ವಾರ ಬರೆಯುವ ಎಂದು ಮನಸ್ಸು ಮಾಡಿದ್ದೇವೆ. ಬೇರೆಯವರಿಗೆ ಪಾಠ ಹೇಳುವ ಯೋಗ್ಯತೆ ನಮಗೆ ಉಂಟು ಅಂತ ಅಲ್ಲ, ಪಾಠ ಕಲಿಯಲು ನಾವು ಫೀಸು ಕಟ್ಟಿದ್ದೇವೆ ಅಂತ.

ಒಂದು ಸೋಮವಾರ ಬೆಳಿಗ್ಗೆ

ನಮ್ಮದು ಮಂಗಳೂರು ಬಂದರಿನಲ್ಲಿ ದಿನಸಿ ಸಾಮಾನಿನ ಸಗಟು ಅಂಗಡಿ. ಬಾಪನ ಕಾಲದ್ದು. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ಕಡೆಯ ಸಣ್ಣ ಅಂಗಡಿಯವರಿಗೆ ಇಲ್ಲಿಂದ ಅಕ್ಕಿ, ಬೇಳೆ, ಮೆಣಸು, ಖರ್ಜೂರ ಹೋಗುತ್ತದೆ. ಅರ್ಧ ವ್ಯಾಪಾರ ನಗದು, ಅರ್ಧ ಕಡ. ಬಾಪ ಇರುವಷ್ಟು ಕಾಲ ಕಡದ ಲೆಕ್ಕ ಉದ್ದ ಪುಸ್ತಕದಲ್ಲಿತ್ತು. ಆಮೇಲೆ ಕಂಪ್ಯೂಟರ್ ಬಂತು, ಟ್ಯಾಲಿ ಬಂತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಉದ್ದ ಪುಸ್ತಕ ಅಟ್ಟ ಸೇರಿತು.

ಕಂಪ್ಯೂಟರ್ ನೋಡಿಕೊಳ್ಳಲು ಒಂದು ಕಂಪೆನಿ ಗೊತ್ತು ಮಾಡಿದೆವು. ಹೆಸರು ಇಲ್ಲಿ ಬೇಡ. ನಮ್ಮ ಒಬ್ಬ ಸಂಬಂಧಿಕರು ಹೇಳಿ ಕಳಿಸಿದ್ದು. ಬಂದವರು ಮರ್ಯಾದೆಯಲ್ಲಿ ಮಾತನಾಡಿದರು, ದರವೂ ಬೇರೆಯವರಿಗಿಂತ ಕಡಿಮೆ. ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ 12 ಗಿರಾಕಿಗಳ ಹೆಸರು, ಫೋನ್ ನಂಬರ್. "ಕಾಕ, ಬೇಕಾದ್ರೆ ಫೋನ್ ಮಾಡಿ ಕೇಳಿ" ಅಂದರು. ಕೇಳಿ ಅಂತ ಅವರೇ ಹೇಳುವಾಗ ಇನ್ನು ಕೇಳಲಿಕ್ಕೆ ಎಂತ ಉಂಟು ಅಂತ ನಾವು ಹಾಳೆಯನ್ನು ಮಡಚಿ ಡ್ರಾವರ್‌ಗೆ ಹಾಕಿದೆವು.

ಎರಡು ವರ್ಷ ಎಲ್ಲ ಸರಿಯಾಗಿ ನಡೆಯಿತು. ಪ್ರಿಂಟರ್ ನಿಂತರೆ ಅರ್ಧ ಗಂಟೆಯಲ್ಲಿ ಜನ ಬರುತ್ತಿದ್ದರು. ಅವರು ಬರಲಿಕ್ಕೆ ಆಗದಿದ್ದರೆ ಅಲ್ಲಿಂದಲೇ ನಮ್ಮ ಕಂಪ್ಯೂಟರ್ ತೆರೆದು ಸರಿ ಮಾಡುತ್ತಿದ್ದರು. ಅದನ್ನು ನೋಡಿ ನಮಗೆ ಖುಷಿಯೇ.

ರಮಝಾನಿಗೆ ಎರಡು ವಾರ ಇರುವಾಗ ಒಂದು ಸೋಮವಾರ ಬೆಳಿಗ್ಗೆ ಅಂಗಡಿ ತೆರೆದರೆ ಟ್ಯಾಲಿ ತೆರೆಯುವುದಿಲ್ಲ. ಫೈಲ್‌ಗಳ ಹೆಸರಿನ ಕೊನೆಗೆ ಯಾವುದೋ ಅರ್ಥವಿಲ್ಲದ ಅಕ್ಷರ ಸೇರಿಕೊಂಡಿತ್ತು. ಪರದೆಯ ಮೇಲೆ ಒಂದು ಚೀಟಿ: ನಿಮ್ಮ ಫೈಲ್‌ಗಳಿಗೆ ಬೀಗ ಹಾಕಿದ್ದೇವೆ, ಕೀ ಬೇಕಾದರೆ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕಳಿಸಿ. ಇದಕ್ಕೆ ರ‍್ಯಾನ್ಸಮ್‌ವೇರ್ ಅಂತ ಹೆಸರು ಎಂದು ನಮಗೆ ಆ ದಿನ ಗೊತ್ತಾದದ್ದು.

ಕಂಪೆನಿಯವರು ಬಂದರು. "ಟೆನ್ಷನ್ ಮಾಡ್ಬೇಡಿ ಕಾಕ, ಬ್ಯಾಕಪ್ ಉಂಟಲ್ಲ" ಅಂದರು. ಬ್ಯಾಕಪ್ ಅಂತ ಅವರು ಇಟ್ಟಿದ್ದ ಹಾರ್ಡ್‌ಡಿಸ್ಕ್ ಎರಡು ವರ್ಷದಿಂದ ಅದೇ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇತ್ತು. ಕಂಪ್ಯೂಟರ್‌ಗೆ ಬಿದ್ದ ಬೀಗ ಅದಕ್ಕೂ ಬಿದ್ದಿತ್ತು. ಆಮೇಲೆ ಅವರ ಮುಖ ನಾವು ಹೆಚ್ಚು ಸಲ ನೋಡಲಿಲ್ಲ.

ನಾವು ದುಡ್ಡು ಕಳಿಸಲಿಲ್ಲ. ಕಳಿಸಿದರೂ ಕೀ ಸಿಗುವ ಖಾತ್ರಿ ಇಲ್ಲ ಎಂದು ಬಲ್ಲವರು ಹೇಳಿದರು. ಆಡಿಟರ್ ಹತ್ತಿರ ಹಳೆಯ ಲೆಕ್ಕದ ಒಂದು ಪ್ರತಿ ಇತ್ತು. ಅಲ್ಲಿಂದ ಮುಂದಿನದ್ದನ್ನು ಬಿಲ್ಲಿನ ಕಾರ್ಬನ್ ಪ್ರತಿ, ಲೈನಿಗೆ ಹೋಗುವ ಹುಡುಗನ ಡೈರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಬರೆಯಬೇಕಾಯಿತು. ಉಪವಾಸದ ತಿಂಗಳಿಡೀ ತರಾವೀಹ್ ಮುಗಿಸಿ ಅಂಗಡಿಗೆ ಬಂದು ಸಹರಿಯವರೆಗೆ ಕೂತು ಬರೆದದ್ದು ಉಂಟು. ಬೆಳ್ತಂಗಡಿ ಕಡೆಯ ಒಬ್ಬರು ಹಿರಿಯರು ತಾವೇ ಬಸ್ ಹತ್ತಿ ಬಂದು, ತಮ್ಮ ಚೀಟಿ ತೋರಿಸಿ, "ನನ್ನ ಲೆಕ್ಕ ಇಷ್ಟುಂಟು, ಬರೆದುಕೊಳ್ಳಿ" ಅಂದಾಗ ನಮಗೆ ಕಣ್ಣು ತುಂಬಿತು. ಹಾಗೆ ಹೇಳಿದವರು ತುಂಬ ಜನ. ಸುಮ್ಮನಿದ್ದವರೂ ಇದ್ದಾರೆ. ಅವರ ಲೆಕ್ಕ ಅಲ್ಲಿಗೇ ಹೋಯಿತು.

ನೂರು ಹೆಜ್ಜೆ ದೂರದಲ್ಲಿತ್ತು ಉತ್ತರ

ಆಮೇಲೆ ಬೇರೆ ಒಬ್ಬ ಎಂಜಿನಿಯರ್ ಬಂದು ನೋಡಿದಾಗ ಕಾರಣ ಗೊತ್ತಾಯಿತು. ದೂರದಿಂದ ಕೆಲಸ ಮಾಡಲು ಕಂಪೆನಿಯವರು ನಮ್ಮ ಕಂಪ್ಯೂಟರ್‌ಗೆ ಒಂದು ಬಾಗಿಲು ತೆರೆದಿಟ್ಟಿದ್ದರು. ರಿಮೋಟ್ ಡೆಸ್ಕ್‌ಟಾಪ್ ಎನ್ನುವುದು ಅದೇ. ಆ ಬಾಗಿಲು ಇಂಟರ್‌ನೆಟ್‌ನಲ್ಲಿ ಹಗಲು ರಾತ್ರಿ ತೆರೆದೇ ಇತ್ತು. ಪಾಸ್‌ವರ್ಡ್ ಎಂಟು ಅಕ್ಷರದ್ದು, ಯಾರೂ ಊಹಿಸಬಹುದಾದದ್ದು. ಅದಕ್ಕಿಂತ ಕೆಟ್ಟದ್ದು, ಅವರ ಎಲ್ಲ ಗಿರಾಕಿಗಳಿಗೂ ಅದೇ ಪಾಸ್‌ವರ್ಡ್.

ಆಗ ಆ ಹಾಳೆ ನೆನಪಾಯಿತು. ಡ್ರಾವರ್‌ನಿಂದ ತೆಗೆದು ಒಂದೊಂದೇ ನಂಬರಿಗೆ ಫೋನ್ ಮಾಡಿದೆವು. 12ರಲ್ಲಿ 2 ಅಂಗಡಿ ಮುಚ್ಚಿ ಹೋಗಿದ್ದವು. ಒಬ್ಬರು ಅವರಿಂದ ಒಂದು ಪ್ರಿಂಟರ್ ತೆಗೆದುಕೊಂಡದ್ದು ಬಿಟ್ಟರೆ ಬೇರೆ ವ್ಯವಹಾರ ಮಾಡಿರಲಿಲ್ಲ. 3 ಮಂದಿ ಅವರನ್ನು ಬಿಟ್ಟು ವರ್ಷ ಕಳೆದಿತ್ತು. ಆ ಮೂವರಲ್ಲಿ ಒಬ್ಬರ ಅಂಗಡಿ ನಮ್ಮಿಂದ ನೂರು ಹೆಜ್ಜೆ. ನಾವು ದಿನಾ ಲುಹ್ರ್ ನಮಾಝಿಗೆ ಒಂದೇ ಮಸೀದಿಗೆ ಹೋಗುವವರು. ನಮಗೆ ಆಗುವುದಕ್ಕೆ ಒಂದು ವರ್ಷ ಮೊದಲು ಅವರಿಗೂ ಇದೇ ಆಗಿತ್ತು.

"ನೀವು ಯಾಕೆ ಹೇಳಲಿಲ್ಲ?" ಅಂತ ಕೇಳಿದೆವು.

"ನೀವು ಕೇಳಲಿಲ್ಲ ಅಲ್ಲವಾ. ಮತ್ತೆ, ಇದನ್ನೆಲ್ಲ ಹೇಳಿಕೊಂಡು ತಿರುಗುವುದು ಹೇಗೆ? ನಾಚಿಕೆ ಆಗ್ತದೆ."

ಅವರ ಮೇಲೆ ನಮಗೆ ಸಿಟ್ಟಿಲ್ಲ. ನಮಗೂ ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಫ್ರಿಜ್ ರಿಪೇರಿಯ ಹಾಗಲ್ಲ ಇದು

ಫ್ರಿಜ್ ರಿಪೇರಿ ಮಾಡುವವನು ಕೆಲಸ ಕೆಡಿಸಿದರೆ ಫ್ರಿಜ್ ಹೋಗುತ್ತದೆ, ಅಷ್ಟೇ. ಕಂಪ್ಯೂಟರ್ ನೋಡುವವನ ಕೈಗೆ ಏನೇನು ಹೋಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ವ್ಯಾಪಾರದ ಲೆಕ್ಕ, ಯಾರು ಎಷ್ಟು ಬಾಕಿ ಎಂಬ ಪಟ್ಟಿ, ಜಿಎಸ್‌ಟಿ ಪಾಸ್‌ವರ್ಡ್, ಬ್ಯಾಂಕಿನ ಲಾಗಿನ್, ಡಿಜಿಟಲ್ ಸಹಿಯ ಟೋಕನ್, ಆಧಾರ್ ಪ್ರತಿಗಳು, ಪಾಸ್‌ಪೋರ್ಟ್ ಸ್ಕ್ಯಾನ್, ಮನೆಯವರ ಫೋಟೋಗಳು. ಅಂಗಡಿಯ ಬೀಗದಕೈ, ಪೆಟ್ಟಿಗೆಯ ಬೀಗದಕೈ ಎರಡನ್ನೂ ಕೊಟ್ಟು, ರಾತ್ರಿ ನಾವಿಲ್ಲದಾಗಲೂ ಬಂದು ಹೋಗಿ ಎಂದು ಹೇಳಿದ ಹಾಗೆ.

ಕಾನೂನಿನ ಕಡೆಯಿಂದಲೂ ಇದು ಸಣ್ಣ ವಿಷಯವಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ವಾರ್ಷಿಕ ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು, ಅಂದರೆ 6 ವರ್ಷ, ಲೆಕ್ಕದ ದಾಖಲೆ ಇಟ್ಟುಕೊಳ್ಳಬೇಕು. ಕಂಪ್ಯೂಟರ್ ಕೆಟ್ಟಿತು, ಕಂಪ್ಯೂಟರ್‌ನವನು ಓಡಿದ ಅಂತ ಹೇಳಿ ಆ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಲೆಕ್ಕ ನಮ್ಮದು, ಉತ್ತರ ಕೊಡುವುದೂ ನಾವೇ.

ಯಾರನ್ನು ಕೇಳಬೇಕು?

ಹಝ್ರತ್ ಉಮರ್(ರ) ಅವರ ಬಗ್ಗೆ ಒಂದು ಪ್ರಸಿದ್ಧ ವರದಿ ಇದೆ, ಉಸ್ತಾದರ ಬಾಯಿಯಲ್ಲಿ ನಾವೆಲ್ಲ ಕೇಳಿದ್ದೇವೆ. ಸಾಕ್ಷಿ ಹೇಳಲು ಬಂದ ಒಬ್ಬನ ಬಗ್ಗೆ ಗೊತ್ತಿರುವವರನ್ನು ಕರೆದು ತರಲು ಅವರು ಹೇಳಿದರಂತೆ. ಒಬ್ಬರು ಎದ್ದು, ನನಗೆ ಇವನು ಗೊತ್ತು, ಒಳ್ಳೆಯವನು ಅಂದರು. ಉಮರ್(ರ) ಮೂರು ವಿಷಯ ಕೇಳಿದರು. ನೀನು ಇವನ ನೆರೆಮನೆಯವನಾ? ಇವನ ಜೊತೆ ಹಣದ ವ್ಯವಹಾರ ಮಾಡಿದ್ದೀಯಾ? ಇವನ ಜೊತೆ ಪ್ರಯಾಣ ಹೋಗಿದ್ದೀಯಾ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂತು. ಹಾಗಾದರೆ ನಿನಗೆ ಇವನು ಗೊತ್ತಿಲ್ಲ ಎಂದು ಹೇಳಿ, ಗೊತ್ತಿರುವವರನ್ನು ಕರೆದುಕೊಂಡು ಬಾ ಎಂದು ಸಾಕ್ಷಿಯನ್ನು ವಾಪಸ್ ಕಳಿಸಿದರು.

ನಮಗೆ ಆ ಕಂಪೆನಿಯನ್ನು ಹೇಳಿ ಕಳಿಸಿದ ಸಂಬಂಧಿಕರಲ್ಲಿ ಈ ಮೂರು ಪ್ರಶ್ನೆ ಕೇಳಿದ್ದರೆ ಮೂರಕ್ಕೂ ಇಲ್ಲ ಎಂಬ ಉತ್ತರವೇ ಬರುತ್ತಿತ್ತು. ಅವರ ಮನೆಯಲ್ಲಿ ಒಂದು ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕಿಸಿದ್ದರು, ಅಷ್ಟೇ ಪರಿಚಯ.

ಕಂಪೆನಿ ಕೊಡುವ ಪಟ್ಟಿಯಲ್ಲಿ ಇರುವವರು ಸಾಮಾನ್ಯವಾಗಿ ಒಳ್ಳೆಯ ಮಾತು ಹೇಳುವವರೇ. ಆದರೂ ಫೋನ್ ಮಾಡಿ. ಮಾಡದಿದ್ದರೆ ಪಟ್ಟಿ ಬರೀ ಕಾಗದ. ನಮ್ಮ ಅನುಭವದಲ್ಲಿ ಕನಿಷ್ಠ ಮೂರು ತರದವರನ್ನು ಕೇಳಬೇಕು. ಮೊದಲನೆಯದು, ನಮ್ಮದೇ ತರದ, ನಮ್ಮಷ್ಟೇ ದೊಡ್ಡ ವ್ಯಾಪಾರದವರು. ದೊಡ್ಡ ಆಸ್ಪತ್ರೆಗೋ ಕಾಲೇಜಿಗೋ ಅವರು ಚೆನ್ನಾಗಿ ಕೆಲಸ ಮಾಡಿರಬಹುದು. ಮೂರು ಕಂಪ್ಯೂಟರ್ ಇರುವ ನಮ್ಮ ಫೋನ್ ಎತ್ತುತ್ತಾರಾ ಎಂಬುದು ಬೇರೆ ಪ್ರಶ್ನೆ. ಎರಡನೆಯದು, ಕನಿಷ್ಠ ಎರಡು ಮೂರು ವರ್ಷ ಅವರ ಜೊತೆ ಇರುವವರು. ಹೊಸ ಗಿರಾಕಿಗೆ ಎಲ್ಲರೂ ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅವರನ್ನು ಬಿಟ್ಟವರು. "ನಿಮ್ಮ ಕೆಲಸ ನಿಲ್ಲಿಸಿದ ಗಿರಾಕಿ ಒಬ್ಬರ ನಂಬರ್ ಕೊಡಿ" ಎಂದು ನೇರವಾಗಿ ಕೇಳಿ. ಸರಿಯಾದ ಕಂಪೆನಿಯವರು ಸ್ವಲ್ಪ ಯೋಚಿಸಿ ಕೊಡುತ್ತಾರೆ. ಅಂಗಡಿ ಮುಚ್ಚಿದವರು, ಊರು ಬಿಟ್ಟವರು, ದರದ ವಿಷಯದಲ್ಲಿ ಹೊಂದದವರು ಯಾರಿಗೂ ಇದ್ದೇ ಇರುತ್ತಾರೆ. "ನಮ್ಮನ್ನು ಬಿಟ್ಟವರೇ ಇಲ್ಲ" ಎನ್ನುವವರ ಬಗ್ಗೆ ಜಾಗ್ರತೆ.

ಪಟ್ಟಿಯ ಹೊರಗೂ ಕೇಳಿ. ನಿಮ್ಮ ಆಡಿಟರ್ ಹತ್ತಾರು ಅಂಗಡಿಗಳ ಲೆಕ್ಕ ನೋಡುವವರು. ಯಾರ ಡಾಟಾ ಪ್ರತಿ ವರ್ಷ ಸರಿಯಾಗಿ ಬರುತ್ತದೆ, ಯಾರದ್ದು ಮಾರ್ಚ್‌ನಲ್ಲಿ "ಹಾರಿ ಹೋಗುತ್ತದೆ" ಎಂಬುದು ಅವರಿಗೆ ಗೊತ್ತು. ನಾವು ಎರಡನೇ ಸಲ ಕಂಪೆನಿ ಹುಡುಕುವಾಗ ಮೊದಲು ಹೋದದ್ದು ಅವರ ಹತ್ತಿರ.

ಏನು ಕೇಳಬೇಕು?

"ಹೇಗೆ, ಒಳ್ಳೆಯವರಾ?" ಅಂತ ಕೇಳಿದರೆ "ಹೌದು, ಒಳ್ಳೆಯವರು" ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ಪ್ರಯೋಜನ ಇಲ್ಲ. ನಡೆದ ಘಟನೆ ಕೇಳಬೇಕು. ನಾವು ಎರಡನೇ ಸಲ ಕೇಳಿದ ಪ್ರಶ್ನೆಗಳು ಇವು, ಬೇಕಾದವರು ಬರೆದುಕೊಳ್ಳಿ.

ನಿಮ್ಮ ಕಂಪ್ಯೂಟರ್ ಕೊನೆಯ ಸಲ ಕೆಟ್ಟು ನಿಂತದ್ದು ಯಾವಾಗ, ಆ ದಿನ ಅವರು ಎಷ್ಟು ಗಂಟೆಗೆ ಬಂದರು, ಕೆಲಸ ಎಷ್ಟು ಗಂಟೆಗೆ ಮತ್ತೆ ಶುರುವಾಯಿತು? ಎಲ್ಲ ಸರಿ ಇರುವ ದಿನದ ಕಂಪೆನಿಯನ್ನು ಕಟ್ಟಿಕೊಂಡು ನಮಗೇನು, ಕೆಟ್ಟ ದಿನ ಅವರು ಹೇಗೆ ಎಂಬುದೇ ಬೇಕಾದದ್ದು.

ಬ್ಯಾಕಪ್‌ನಿಂದ ಹಳೆಯ ಡಾಟಾ ಒಮ್ಮೆಯಾದರೂ ವಾಪಸ್ ತೆಗೆದು ನಿಮ್ಮ ಕಣ್ಣೆದುರು ತೋರಿಸಿದ್ದಾರಾ? ಒಂದೇ ಪ್ರಶ್ನೆ ಕೇಳಲು ಸಮಯ ಇದ್ದರೆ ಇದನ್ನು ಕೇಳಿ. ಬ್ಯಾಕಪ್ ಆಗುತ್ತಿದೆ ಎಂದು ಹೇಳುವುದು ಸುಲಭ. ಬಲ್ಲವರು ಹೇಳುವ ಲೆಕ್ಕ 3-2-1: ಡಾಟಾದ ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ತರದ ಸಾಧನದಲ್ಲಿ ಇರಬೇಕು, ಒಂದು ಪ್ರತಿ ಅಂಗಡಿಯ ಹೊರಗೆ ಇರಬೇಕು. ಸದಾ ಸಿಕ್ಕಿಸಿಯೇ ಇಡುವ ಹಾರ್ಡ್‌ಡಿಸ್ಕ್ ಅನ್ನು ನಂಬಿ ಕೂರಬಾರದು ಎಂದು ನಾವು ಸೇರಿಸುತ್ತೇವೆ.

ನಿಮ್ಮ ಕಂಪ್ಯೂಟರ್ ಒಳಗೆ ಅವರು ದೂರದಿಂದ ಬರುವಾಗ ನಿಮ್ಮನ್ನು ಕೇಳಿ ಬರುತ್ತಾರಾ, ಸುಮ್ಮನೆ ಬರುತ್ತಾರಾ? ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದವುಗಳಲ್ಲಿ ಪ್ರತಿ ಸಲ ನಮ್ಮ ಒಪ್ಪಿಗೆ ಕೇಳುವ ಹಾಗೆ ಇಡಬಹುದು. ಪಾಸ್‌ವರ್ಡ್ ನಿಮಗೆ ಬೇರೆ, ಇನ್ನೊಬ್ಬ ಗಿರಾಕಿಗೆ ಬೇರೆ ಇದೆಯಾ? ಅವರಲ್ಲಿ ಕೆಲಸ ಬಿಟ್ಟು ಹೋದ ಹುಡುಗನಿಗೆ ನಿಮ್ಮ ಪಾಸ್‌ವರ್ಡ್ ಗೊತ್ತಿತ್ತಾ, ಅವನು ಹೋದ ಮೇಲೆ ಬದಲಾಯಿಸಿದರಾ?

ಸಾಫ್ಟ್‌ವೇರ್ ಬಿಲ್ಲು ಸಮೇತ ಕೊಟ್ಟಿದ್ದಾರಾ, ಲೈಸೆನ್ಸ್ ಯಾರ ಇಮೇಲ್‌ನಲ್ಲಿದೆ? ಟ್ಯಾಲಿಯ ಲೈಸೆನ್ಸ್ ಒಂದು ಇಮೇಲ್ ವಿಳಾಸಕ್ಕೆ ಸೇರಿಕೊಂಡಿರುತ್ತದೆ. ಆ ವಿಳಾಸ ಕಂಪ್ಯೂಟರ್‌ನವನದ್ದಾದರೆ ಅವನನ್ನು ಬಿಡುವ ದಿನ ಕಷ್ಟ ಶುರು. ವೆಬ್‌ಸೈಟಿನ ಹೆಸರನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡವರದ್ದೂ ಇದೇ ಕಥೆ. ಇನ್ನು ಕಳ್ಳ ಪ್ರತಿ ಹಾಕಿಕೊಟ್ಟು ದುಡ್ಡು ಉಳಿಸಿದೆ ಎನ್ನುವವನಿಂದ ಮೊದಲೇ ದೂರ ಇರಿ. ಅಂಥ ಪ್ರತಿ ಹಾಕುವಾಗ ಆಂಟಿವೈರಸ್ ಬಂದ್ ಮಾಡುತ್ತಾರೆ, ಅಪ್‌ಡೇಟ್ ಬಂದ್ ಮಾಡುತ್ತಾರೆ. ಬಾಗಿಲ ಚಿಲಕ ತೆಗೆದ ಹಾಗೆ.

ಅಪ್‌ಡೇಟ್ ಎಷ್ಟು ದಿನಕ್ಕೊಮ್ಮೆ ಮಾಡುತ್ತಾರೆ? 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನ ಸುಮಾರು 150 ದೇಶಗಳಲ್ಲಿ ಕಂಪ್ಯೂಟರ್‌ಗಳಿಗೆ ಬೀಗ ಹಾಕಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದಕ್ಕೆ ಬೇಕಾದ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ಕೊಟ್ಟಾಗಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕಂಪೆನಿಯವರನ್ನೇ ಒಂದು ಸಣ್ಣ ಪ್ರಶ್ನೆ ಕೇಳಿ ನೋಡಬಹುದು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಯಾವಾಗ ಮುಗಿಯಿತು? 2025ರ ಅಕ್ಟೋಬರ್ 14. ಇದು ಗೊತ್ತಿಲ್ಲದೆ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ ಅನ್ನುವವರಿಗೆ ನಮಸ್ಕಾರ ಹೇಳಿ ಕಳಿಸಬಹುದು.

ಕೊನೆಗೆ, ತಪ್ಪು ಮಾಡಿದ್ದಾರಾ? ಮಾಡಿದಾಗ ಒಪ್ಪಿಕೊಂಡರಾ? ಇದಕ್ಕೆ ಬರುವ ಉತ್ತರವನ್ನು ತಾಳ್ಮೆಯಲ್ಲಿ ಕೇಳಿ. ಫೋನಿನ ಆ ಕಡೆ ಒಂದು ಕ್ಷಣ ಮೌನ ಬಂದರೆ, ಆ ಮೌನವೂ ಒಂದು ಉತ್ತರ. ಆಗುವುದಾದರೆ ಅಂಗಡಿಗೇ ಹೋಗಿ ಒಂದು ಚಾ ಕುಡಿಯುತ್ತಾ ಕೇಳಿ. ಫೋನಿನಲ್ಲಿ ಹೇಳದ್ದನ್ನು ಎದುರು ಕೂತಾಗ ಹೇಳುತ್ತಾರೆ.

ಕಾಗದವೂ ನೋಡಿ

ಜಿಎಸ್‌ಟಿ ವೆಬ್‌ಸೈಟಿನಲ್ಲಿ ಯಾರ ಜಿಎಸ್‌ಟಿ ನಂಬರನ್ನೂ ಹಾಕಿ ನೋಡಬಹುದು. ನೋಂದಣಿ ಯಾವ ಹೆಸರಿನಲ್ಲಿದೆ, ಯಾವಾಗ ಆಗಿದೆ, ಈಗ ಚಾಲ್ತಿಯಲ್ಲಿದೆಯಾ ಎಂಬುದು ಅಲ್ಲಿ ಬರುತ್ತದೆ. "10 ವರ್ಷದಿಂದ ಇದ್ದೇವೆ" ಎಂದವರ ನೋಂದಣಿ ಕಳೆದ ವರ್ಷದ್ದಾದರೆ ಕಾರಣ ಕೇಳಬೇಕು. ಹಾಗಂತ ಜಿಎಸ್‌ಟಿ ಇಲ್ಲದವರೆಲ್ಲ ಮೋಸದವರಲ್ಲ. ನಮ್ಮ ರಾಜ್ಯದೊಳಗೆ ಸೇವೆ ಕೊಡುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದ ಮೇಲೆಯೇ ನೋಂದಣಿ ಕಡ್ಡಾಯ. ಸ್ವಂತ ಕಾಲ ಮೇಲೆ ನಿಂತು ಕೆಲಸ ಮಾಡುವ ನಮ್ಮ ಹುಡುಗರು ಎಷ್ಟೋ ಮಂದಿ ಅದರ ಒಳಗೇ ಇದ್ದಾರೆ. ಅಂಥವರ ವಿಷಯದಲ್ಲಿ ಕಾಗದಕ್ಕಿಂತ ಹಿಂದಿನ ಗಿರಾಕಿಗಳ ಮಾತೇ ದೊಡ್ಡದು.

ವರ್ಷದ ಒಪ್ಪಂದಕ್ಕೆ, ಎಎಂಸಿ ಎನ್ನುವುದಕ್ಕೆ, ಸಹಿ ಹಾಕುವ ಮೊದಲು ಬಿಡಿಭಾಗದ ಖರ್ಚು ಅದರಲ್ಲಿ ಸೇರಿದೆಯೋ, ಬರೀ ಕೆಲಸದ ಕೂಲಿಯೋ ಎಂದು ಓದಿ. ಬಿಟ್ಟು ಹೋಗುವಾಗ ಎಲ್ಲ ಪಾಸ್‌ವರ್ಡ್ ಬರೆದು ಕೊಡಬೇಕು ಎಂಬ ಒಂದು ಸಾಲು ಇರಲಿ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿ ಇರಬೇಕು ಎಂದು ವಿವರಿಸುವ ಆಯತ್ ಅಲ್‌ಬಖರದಲ್ಲಿದೆ, ಕುರ್‌ಆನಿನ ಅತಿ ಉದ್ದದ ಆಯತ್ ಅದು. ಬರೆದಿಡುವುದನ್ನು ಅಪನಂಬಿಕೆ ಎಂದು ತಿಳಿಯುವ ಅಭ್ಯಾಸ ನಮಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

ಜಮಾಅತ್ ಕಮಿಟಿಯವರಿಗೆ ಒಂದು ಮಾತು

ಈಗ ಮಸೀದಿ, ಮದ್ರಸಗಳ ಆಫೀಸಿನಲ್ಲೂ ಕಂಪ್ಯೂಟರ್ ಬಂದಿದೆ. ಸದಸ್ಯರ ಪಟ್ಟಿ, ನಿಖಾಹ್ ದಾಖಲೆ, ವರಿ ಬಾಕಿ, ಮಕ್ಕಳ ವಿವರ ಎಲ್ಲ ಅದರಲ್ಲೇ. 2025ರ ಜೂನ್‌ನಲ್ಲಿ ಉಮೀದ್ ಪೋರ್ಟಲ್ ಶುರುವಾದ ಮೇಲೆ ವಕ್ಫ್ ಆಸ್ತಿಗಳ ಕಾಗದಪತ್ರ ಸ್ಕ್ಯಾನ್ ಮಾಡಿ ಹಾಕುವ ಗಡಿಬಿಡಿ ಬಂತು. ಗಡಿಬಿಡಿಯಲ್ಲಿ ಸಿಕ್ಕಿದವರ ಕೈಗೆ ಕಾಗದ ಕೊಟ್ಟಿದ್ದರೆ ಆ ಸ್ಕ್ಯಾನ್ ಪ್ರತಿಗಳು ಈಗ ಯಾರ ಲ್ಯಾಪ್‌ಟಾಪ್‌ನಲ್ಲಿವೆ ಎಂದು ಈ ವಾರವೇ ಕೇಳಿ.

ಕಮಿಟಿ ಬದಲಾಗುತ್ತದೆ, ಕಾರ್ಯದರ್ಶಿ ಬದಲಾಗುತ್ತಾರೆ. ಕಂಪ್ಯೂಟರ್ ನೋಡುವವರನ್ನು ಗೊತ್ತು ಮಾಡುವಾಗ ಇನ್ನೆರಡು ಜಮಾಅತ್‌ನವರನ್ನು ಕೇಳಿ, ಏನು ಹೇಳಿದರು ಎಂಬುದನ್ನು ಮಿನಿಟ್ ಪುಸ್ತಕದಲ್ಲಿ ಬರೆದಿಡಿ. ಕಮಿಟಿ ಸದಸ್ಯರ ಮಗನೇ ಆಗಿರಲಿ, ಪುಕ್ಕಟೆ ಮಾಡಿಕೊಡುತ್ತಾನೆ ಎಂದೇ ಇರಲಿ, ಕೇಳುವುದನ್ನು ಬಿಡಬೇಡಿ. ಅದು ಇಡೀ ಜಮಾಅತ್‌ನ ಅಮಾನತ್.

ಮನೆಯವರೂ ಗಮನಿಸಿ

ಮಗಳ ಕಾಲೇಜಿನ ಲ್ಯಾಪ್‌ಟಾಪ್, ಮನೆಯ ಹಳೆ ಕಂಪ್ಯೂಟರ್ ರಿಪೇರಿಗೆ ಕೊಡುವಾಗಲೂ ಇದೇ ಮಾತು. ಕುಟುಂಬದ ಫೋಟೋಗಳು ಅದರೊಳಗೆ ಇರುತ್ತವೆ. ಎದುರಲ್ಲೇ ಕೂತು ರಿಪೇರಿ ಮಾಡಿಕೊಡುತ್ತಾರಾ, ಹಾರ್ಡ್‌ಡಿಸ್ಕ್ ಬದಲಾಯಿಸಿದರೆ ಹಳೆಯದನ್ನು ವಾಪಸ್ ಕೊಡುತ್ತಾರಾ ಎಂದು ಅಲ್ಲಿ ಮೊದಲು ಕೊಟ್ಟವರನ್ನು ಕೇಳಿ. ಹಳೆಯ ಡಿಸ್ಕ್ ಕೆಟ್ಟದ್ದಾದರೂ ಮನೆಗೆ ತನ್ನಿ.

ತಾನಾಗಿಯೇ ಫೋನ್ ಮಾಡಿ "ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ, ನಾವು ಮೈಕ್ರೋಸಾಫ್ಟ್‌ನವರು" ಎನ್ನುವವರ ಬಗ್ಗೆ ವಿಚಾರಿಸುವ ಅಗತ್ಯವೇ ಇಲ್ಲ, ಫೋನ್ ಇಟ್ಟುಬಿಡಿ. ಮೈಕ್ರೋಸಾಫ್ಟ್ ಹಾಗೆ ಫೋನ್ ಮಾಡುವುದಿಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯ ದೂರು ಕೊಡುವ ರಾಷ್ಟ್ರೀಯ ಸಹಾಯವಾಣಿ ಅದು. ನಾಚಿಕೆಪಟ್ಟು ಒಂದು ದಿನ ಕಾದರೆ ದುಡ್ಡು ಹತ್ತು ಖಾತೆ ದಾಟಿ ಹೋಗಿರುತ್ತದೆ.

ನಮ್ಮನ್ನು ಯಾರಾದರೂ ಕೇಳಿದರೆ?

ಇಲ್ಲಿಯವರೆಗೆ ಕೇಳುವವರ ಮಾತಾಯಿತು. ಹೇಳುವವರದ್ದೂ ಒಂದು ಪಾಲಿದೆ. ನೂರು ಹೆಜ್ಜೆ ದೂರದ ಆ ಅಂಗಡಿಯವರು ಸುಮ್ಮನಿದ್ದದ್ದಕ್ಕೆ ನಾಚಿಕೆ ಮಾತ್ರ ಕಾರಣವಲ್ಲ. "ಒಬ್ಬ ಹುಡುಗನ ಅನ್ನಕ್ಕೆ ನಾವು ಯಾಕೆ ಕಲ್ಲು ಹಾಕುವುದು, ಗೀಬತ್ ಆಗ್ತದೆ" ಎಂದೂ ಅವರಿಗೆ ಅನಿಸಿತ್ತು. ಒಳ್ಳೆಯ ಮನಸ್ಸೇ. ಆದರೆ ಮದುವೆ ಸಂಬಂಧಕ್ಕೆ, ಪಾಲುದಾರಿಕೆಗೆ, ಅಮಾನತ್ ಒಪ್ಪಿಸಲಿಕ್ಕೆ ವಿಚಾರಿಸಿದವರಿಗೆ ಇದ್ದದ್ದನ್ನು ಹೇಳುವುದು ನಿಷಿದ್ಧ ಗೀಬತ್‌ನಲ್ಲಿ ಬರುವುದಿಲ್ಲ ಎಂದು ಇಮಾಮ್ ನವವಿ(ರ) ಅವರು 'ರಿಯಾಝುಸ್ಸಾಲಿಹೀನ್'ನಲ್ಲಿ ವಿವರಿಸಿದ್ದಾರೆ. ಬೇಕಾದಷ್ಟೇ ಹೇಳಬೇಕು, ಹೆಚ್ಚು ಹೇಳಬಾರದು, ದ್ವೇಷದಲ್ಲಿ ಹೇಳಬಾರದು.

ಹಾಗೆಯೇ, ಕೆಲಸವನ್ನೇ ನೋಡದೆ "ಒಳ್ಳೆ ಹುಡುಗ" ಎಂದು ಹೇಳಿ ಕಳಿಸುವುದೂ ನಿಲ್ಲಬೇಕು. "ನಮಾಝಿಗೆ ಬರ್ತಾನೆ, ಮರ್ಯಾದೆ ಉಂಟು, ಕೆಲಸದ ಬಗ್ಗೆ ನನಗೆ ಗೊತ್ತಿಲ್ಲ" ಎಂದರೆ ಅದು ಪ್ರಾಮಾಣಿಕ ಮಾತು. ಕೇಳಿದವರು ಮುಂದೆ ವಿಚಾರಿಸಿಕೊಳ್ಳುತ್ತಾರೆ.

ಈ ಕೆಲಸ ಮಾಡುವ ನಮ್ಮ ಹುಡುಗರಿಗೂ ಇದರಿಂದ ಲಾಭವೇ. ವಿಚಾರಿಸುವವರು ಹೆಚ್ಚಾದಷ್ಟು ಸರಿಯಾಗಿ ಕೆಲಸ ಮಾಡುವವನಿಗೆ ಬೆಲೆ ಬರುತ್ತದೆ. ಇಲ್ಲದಿದ್ದರೆ ಕಡಿಮೆ ದರ ಹೇಳಿದವನೇ ಪ್ರತಿ ಸಲ ಗೆಲ್ಲುವುದು.

ಈಗ ನಮ್ಮ ಅಂಗಡಿಯ ಕಂಪ್ಯೂಟರ್ ನೋಡುವವನು ಒಬ್ಬ ಸಣ್ಣ ಪ್ರಾಯದ ಹುಡುಗ. ಅವನ ಬಗ್ಗೆ ಐದು ಕಡೆ ವಿಚಾರಿಸಿದೆವು. ನಾಲ್ಕು ಕಡೆ ಹೊಗಳಿದರು. ಐದನೆಯವರು, ಅವನನ್ನು ಬಿಟ್ಟವರು, ಹೇಳಿದ್ದು ಬೇರೆ: "ಒಮ್ಮೆ ಅವನಿಂದ ತಪ್ಪಾಗಿ ನಮ್ಮ ಎರಡು ದಿನದ ಬಿಲ್ಲು ಅಳಿಸಿ ಹೋಯಿತು. ಅವನೇ ಫೋನ್ ಮಾಡಿ ಹೇಳಿದ, ರಾತ್ರಿ ಕೂತು ಪುನಃ ಹಾಕಿಕೊಟ್ಟ. ನಾವು ಅಂಗಡಿಯನ್ನು ಉಡುಪಿಗೆ ಸಾಗಿಸಿದ್ದರಿಂದ ಬಿಟ್ಟದ್ದು, ಇಲ್ಲದಿದ್ದರೆ ಬಿಡುತ್ತಿರಲಿಲ್ಲ."

ನಾಲ್ಕು ಹೊಗಳಿಕೆಗಿಂತ ಆ ಒಂದು ತಪ್ಪಿನ ಕಥೆ ಕೇಳಿ ನಮಗೆ ಧೈರ್ಯ ಬಂತು. ಅವನ ಒಪ್ಪಂದದ ಕಾಗದ ಈಗ ಅದೇ ಡ್ರಾವರ್‌ನಲ್ಲಿದೆ. ಪ್ರತಿ ಶುಕ್ರವಾರ ಜುಮಾಗೆ ಹೋಗುವ ಮೊದಲು ಅವನು ಬ್ಯಾಕಪ್ ತೆಗೆದು, ಡಿಸ್ಕ್ ಕಳಚಿ ನಮ್ಮ ಕೈಗೆ ಕೊಡುತ್ತಾನೆ. ನಾವು ಅದನ್ನು ಮನೆಗೆ ತಂದು, ಅಟ್ಟದಿಂದ ಇಳಿಸಿದ ಬಾಪನ ಉದ್ದ ಪುಸ್ತಕದ ಪಕ್ಕದಲ್ಲಿ ಇಡುತ್ತೇವೆ.